ಹಬ್ಬವನ್ನು ನೆನಪಿಡುವವರು ಯಾರು?

ಆಗಸ್ಟ್ 30ರಿಂದ ಒಂಬತ್ತು ದಿನ ಮಂಗಳೂರು, ಉಡುಪಿ ಕಡೆಯ ಚರ್ಚುಗಳಲ್ಲಿ ಮಕ್ಕಳು ಬಟ್ಟಲು ತುಂಬ ಹೂ ಹಿಡಿದು ಸಾಲು ನಿಲ್ಲುತ್ತಾರೆ. ಬಾಲೆ ಮರಿಯಮ್ಮನ ಮೂರ್ತಿಗೆ ಹೂ ಎರಚುತ್ತ ನವೇನ ನಡೆಯುತ್ತದೆ. ಸೆಪ್ಟೆಂಬರ್ 8ರಂದು ಮರಿಯಮ್ಮನ ಹುಟ್ಟುಹಬ್ಬ. ಕೊಂಕಣಿಯಲ್ಲಿ ಅದು ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಅಂದು ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಪ್ರತಿ ಮನೆಗೂ ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. ತೆನೆಯನ್ನು ಮನೆಯ ಆಲ್ತಾರದಲ್ಲಿಟ್ಟು, ಕೆಲವು ಕಾಳು ಬಿಡಿಸಿ, ಸಿಪ್ಪೆ ತೆಗೆದು, ಅರೆದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಆಮೇಲೆ ಬಾಳೆಲೆ ಊಟ. ಮೀನು ಮಾಂಸ ಆ ದಿನ ಇಲ್ಲ. ತರಕಾರಿ ಪದಾರ್ಥಗಳು ಐದೋ ಏಳೋ ಒಂಬತ್ತೋ, ಒಟ್ಟಿನಲ್ಲಿ ಬೆಸ ಸಂಖ್ಯೆಯಲ್ಲಿರಬೇಕು. ಮರುದಿನದ ಪತ್ರಿಕೆಯಲ್ಲಿ ಹೂವಿನ ಮಕ್ಕಳೂ ತೆನೆ ಹಿಡಿದ ಗುರುಗಳೂ ಚಿತ್ರವಾಗಿ ಬರುತ್ತಾರೆ. ಕೆಸುವಿನ ದಂಟಿನ ನಾರು ತೆಗೆದು ಕೈ ತುರಿಸಿಕೊಂಡವರು, ಪಾಯಸಕ್ಕೆ ತೆಂಗಿನಕಾಯಿ ತುರಿದು ಮೂರು ಸಲ ಹಾಲು ಹಿಂಡಿದವರು, ದೂರದೂರಿನಲ್ಲಿರುವ ಮಗನಿಗೆ ಕಳಿಸಲೆಂದು ನಾಲ್ಕು ಕಾಳು ಎತ್ತಿಟ್ಟವರು ಆ ಚಿತ್ರದಲ್ಲಿ ಸಿಗುವುದಿಲ್ಲ. ಕೊಡುವ ಕೈ ಹೆಚ್ಚಾಗಿ ತಂದೆಯದೋ ಅಜ್ಜನದೋ ಆಗಿರುತ್ತದೆ. ಅರೆದ ಕೈ ತಾಯಿಯದು.

ಇದು ದೂರಲ್ಲ. ಹಿರಿಯರು ಪ್ರಸಾದ ಹಂಚುವ ಪದ್ಧತಿಯಲ್ಲಿ ಒಂದು ಚೆಲುವಿದೆ, ಅದು ಇರಲಿ. ನಾನಿಲ್ಲಿ ಹೇಳಹೊರಟಿರುವುದು ಬೇರೆ. ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಧರ್ಮ, ಭಾಷೆ, ಊಟ ಎಂದು ನಾವು ಮೂರು ಹೆಸರಿನಿಂದ ಕರೆಯುವುದೆಲ್ಲ ದಿನದಿನವೂ ನಡೆದುಬಂದಿರುವುದು ತಾಯಿಯ ದಿನಚರಿಯ ಮೂಲಕ. ಆಕೆಯ ಮನೆಗೆಲಸವನ್ನೂ ಆಕೆಯ ಭಕ್ತಿಯನ್ನೂ ಬೇರೆ ಮಾಡಿ ನೋಡಲು ಬರುವುದಿಲ್ಲ. ಹಾಗಿರುವಾಗ ಆ ಕೆಲಸವನ್ನು ‘ತ್ಯಾಗ’ ಎಂದು ಹೊಗಳಿ ಒಬ್ಬರ ತಲೆಯ ಮೇಲೆಯೇ ಬಿಟ್ಟರೆ, ಆಕೆ ದಣಿದ ದಿನ ಸಂಪ್ರದಾಯವೂ ದಣಿಯುತ್ತದೆ. ಸಂಪ್ರದಾಯ ಉಳಿಯಬೇಕು ಎನ್ನುವವರೇ ಮೊದಲು ಆ ಕೆಲಸಕ್ಕೆ ಕೈಜೋಡಿಸಬೇಕು ಎಂಬುದು ನನ್ನ ವಾದ. ಕರ್ನಾಟಕದ ಕಥೋಲಿಕರೆಲ್ಲ ಕೊಂಕಣಿ ಮಾತಾಡುವವರಲ್ಲ. ಬೆಂಗಳೂರು, ಮೈಸೂರು ಸೀಮೆಗಳಲ್ಲಿ ಕನ್ನಡ, ತಮಿಳು ಮನೆಮಾತಿನವರು ಬಹಳ ಮಂದಿ ಇದ್ದಾರೆ. ಅವರ ಅಡುಗೆ ಬೇರೆ, ಹಬ್ಬದ ಬಗೆ ಬೇರೆ. ಆದರೆ ಈ ವಾದಕ್ಕೆ ಕರಾವಳಿಯ ಇತಿಹಾಸ ಹೆಚ್ಚು ಸ್ಪಷ್ಟವಾದ ಪುರಾವೆ ಕೊಡುವುದರಿಂದ ಅಲ್ಲಿಗೇ ನಿಲ್ಲುತ್ತೇನೆ.

ಗೋವೆಯಿಂದ ಹದಿನಾರನೆಯ ಶತಮಾನದಿಂದ ಅಲೆ ಅಲೆಯಾಗಿ ದಕ್ಷಿಣಕ್ಕೆ ಬಂದು ನೆಲೆಸಿದ ಈ ಸಮುದಾಯ 1784ರಲ್ಲಿ ದೊಡ್ಡ ಆಘಾತ ಕಂಡಿತು. ಬ್ರಿಟಿಷರ ಜೊತೆ ಯುದ್ಧದಲ್ಲಿದ್ದ ಟಿಪ್ಪು ಸುಲ್ತಾನನ ಆಡಳಿತ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ, ಕಾರಣಗಳ ಬಗ್ಗೆಯೂ ಚರ್ಚೆಯಿದೆ. ಇಲ್ಲಿಗೆ ಬೇಕಾದ ಸಂಗತಿ ಇಷ್ಟು: ಕರಾವಳಿಯ ಬಹುಪಾಲು ಚರ್ಚುಗಳು ಕೆಡವಲ್ಪಟ್ಟವು, ಗುರುಗಳು ದೂರವಾದರು, ಸೆರೆ 1799ರವರೆಗೆ ನಡೆಯಿತು. ಹದಿನೈದು ವರ್ಷ ಎಂದರೆ ಒಂದು ಮಗು ಹುಟ್ಟಿ ಪ್ರಾಯಕ್ಕೆ ಬರುವಷ್ಟು ಕಾಲ. ಆ ಮಗುವಿಗೆ ಚರ್ಚಿನ ಗಂಟೆ ಕೇಳಿಸಿರಲಿಲ್ಲ, ಭಾನುವಾರದ ಧರ್ಮೋಪದೇಶ ಸಿಕ್ಕಿರಲಿಲ್ಲ. ಆದರೂ 1799ರ ನಂತರ ಹಿಂತಿರುಗಿದವರು ಅದೇ ಪ್ರಾರ್ಥನೆಗಳನ್ನು ಹೇಳುತ್ತ ಬಂದರು, ಅದೇ ಜಾಗಗಳಲ್ಲಿ ಚರ್ಚು ಕಟ್ಟಿದರು. ಕಟ್ಟಡವೂ ಗುರುವೂ ಇಲ್ಲದ ಕಾಲದಲ್ಲಿ ನಂಬಿಕೆಗೆ ಮನೆಯವರ ಬಾಯಿಯೊಂದೇ ಆಸರೆ. ಮಗುವಿಗೆ ಶಿಲುಬೆಯ ಗುರುತು ಹಾಕಲು ಕೈ ಹಿಡಿದು ಕಲಿಸುವವರು ಯಾವ ಕಾಲದಲ್ಲಿಯೂ ಹೆಚ್ಚಾಗಿ ಹೆಂಗಸರೇ ಎಂಬುದನ್ನು ನೆನೆದರೆ, ಆ ಹದಿನೈದು ವರ್ಷಗಳ ಚರಿತ್ರೆಯಲ್ಲಿ ತಾಯಂದಿರ ಪಾಲು ಎಷ್ಟಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಭಾಷೆಯ ವಿಷಯದಲ್ಲಿ ಊಹೆಯೂ ಬೇಡ. 1960ರ ದಶಕದವರೆಗೆ ಕಥೋಲಿಕ ಬಲಿಪೂಜೆಯ ಭಾಷೆ ಲ್ಯಾಟಿನ್. ಪ್ರವಚನ ಕೊಂಕಣಿಯಲ್ಲಿರುತ್ತಿತ್ತು, ಹಾಡುಗಳೂ ಇದ್ದವು. ಆದರೆ ಪೀಠದ ಮುಂದೆ ಗುರು ಹೇಳುತ್ತಿದ್ದ ಮಾತು ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಅರ್ಥ ತಿಳಿದು ಬಾಯ್ತುಂಬ ಹೇಳುವ ಪ್ರಾರ್ಥನೆ ಎಂದರೆ ಸಂಜೆ ಮನೆಯಲ್ಲಿ ನಡೆಯುವ ಜಪಸರ, ಕೊಂಕಣಿಯ ತೆರ್ಸ್. ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ, ಅಂಗಡಿ ಬೀದಿಯಲ್ಲಿ ತುಳು, ಮನೆಯಲ್ಲಿ ಕೊಂಕಣಿ ಎಂಬುದು ಕರಾವಳಿಯ ಕ್ರೈಸ್ತ ಮಗುವಿನ ಲೋಕ. ಕರ್ನಾಟಕದ ಶಾಲೆಗಳಿಗೆ ಕೊಂಕಣಿ ಐಚ್ಛಿಕ ಭಾಷೆಯಾಗಿ ಬಂದದ್ದು 2007ರ ಹೊತ್ತಿಗೆ. 1912ರ ‘ಕೊಂಕ್ಣಿ ದಿರ್ವೆಂ’, 1938ರ ‘ರಾಕ್ಣೊ’ ಮುಂತಾದ ಪತ್ರಿಕೆಗಳು ಕನ್ನಡ ಲಿಪಿಯಲ್ಲಿ ಕೊಂಕಣಿಯನ್ನು ಓದುವ ರೂಢಿ ಬೆಳೆಸಿದವು ನಿಜ. ಆದರೆ ಓದುವ ಮೊದಲು ಮಾತು ಬರಬೇಕು. ಮಾತು ಬಂದದ್ದು ಮನೆಯಲ್ಲಿ. ಮದುವೆಯ ರೋಸ್ ಶಾಸ್ತ್ರದಲ್ಲಿ ಮದುಮಕ್ಕಳಿಗೆ ತೆಂಗಿನಹಾಲು ಹಚ್ಚುವಾಗ ಹೇಳುವ ವೊವಿಯೊ ಹಾಡುಗಳನ್ನೇ ನೋಡಿ. ಅವನ್ನು ಬಾಯಿಂದ ಬಾಯಿಗೆ ಉಳಿಸಿದವರು ಹೆಂಗಸರು. ಈಗ ಹಲವು ಮದುವೆಗಳಲ್ಲಿ ವೊವಿಯೊ ಹೇಳಬಲ್ಲವರನ್ನು ಹುಡುಕಿ ಕರೆಸಬೇಕಾಗಿದೆ. ಕಲಿಯುವವರಿಲ್ಲದೆ ಒಂದು ತಲೆಮಾರು ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಈಗ ತೆರ್ಸ್ ನಡೆಯುವ ಸಂಜೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಐದು ರಹಸ್ಯಗಳು, ಒಂದೊಂದಕ್ಕೂ ಹತ್ತು ಬಾರಿ ‘ನಮೋ ಮರಿಯ’, ಕೊನೆಗೆ ಮರಿಯಮ್ಮನ ಸ್ತುತಿಮಾಲೆ. ಎಲ್ಲ ಸೇರಿ ಅರ್ಧ ಗಂಟೆ. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಗುರುವಾರ 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ ಬೆಳಕಿನ ರಹಸ್ಯಗಳು. ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರಿಂದ ಬೆಸಾಂವ್, ಎಂದರೆ ಆಶೀರ್ವಾದ, ಬೇಡುತ್ತಾರೆ. ಕೇಳಲು ಇಷ್ಟೇ. ಈ ಅರ್ಧ ಗಂಟೆ ನಡೆಯಬೇಕಾದರೆ ಅದಕ್ಕೆ ಮೊದಲು ಏನೇನಾಗಬೇಕು? ಟಿವಿ ನಿಲ್ಲಬೇಕು, ಫೋನುಗಳು ಕೆಳಗಿಳಿಯಬೇಕು, ಮಗಳ ಹೋಮ್‌ವರ್ಕ್ ಒಂದು ಹಂತಕ್ಕೆ ಬಂದಿರಬೇಕು, ಒಲೆಯ ಮೇಲಿನ ಸಾರು ಸೀಯದಂತೆ ಉರಿ ಇಳಿಸಿರಬೇಕು, ಅತ್ತೆಯವರ ಸಂಜೆಯ ಮಾತ್ರೆ ಆಗಿರಬೇಕು, ಆಲ್ತಾರದ ದೀಪ ಸರಿಯಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ‘ಬನ್ನಿ, ತೆರ್ಸಿಗೆ ಹೊತ್ತಾಯಿತು’ ಎಂದು ದಿನವೂ ಕರೆಯಲು ಒಬ್ಬರಿರಬೇಕು. ಹದಿಹರೆಯದ ಮಗನ ಮುಖ ಗಂಟಿಕ್ಕಿದರೂ ನಾಳೆ ಮತ್ತೆ ಕರೆಯುವ ತಾಳ್ಮೆ ಬೇಕು. ಕೈಗೆಲಸವನ್ನು ಯಂತ್ರ ಹಗುರ ಮಾಡೀತು. ಈ ನೆನಪಿಟ್ಟುಕೊಳ್ಳುವ, ಕರೆಯುವ, ಹೊಂದಿಸುವ ಕೆಲಸಕ್ಕೆ ಯಂತ್ರವಿಲ್ಲ. ಮಾಡುವವರಿಗೂ ಅದು ಕೆಲಸ ಎಂದು ತೋರುವುದಿಲ್ಲ, ನೋಡುವವರಿಗಂತೂ ಕಾಣುವುದೇ ಇಲ್ಲ.

ವರ್ಷದ ಲೆಕ್ಕವೂ ಹೀಗೆಯೇ. ಬೂದಿ ಬುಧವಾರ ಯಾವತ್ತು ಬಂತೆಂದು ನೋಡಿ ಅದರ ಹಿಂದಿನ ದಿನವೇ ಫ್ರಿಜ್ಜಿನ ಮಾಂಸ ಮುಗಿಸುವುದು, ತಪಸ್ಸುಕಾಲದ ಶುಕ್ರವಾರಗಳಿಗೆ ಸಪ್ಪೆ ಊಟ ಯೋಚಿಸುವುದು, ಏಪ್ರಿಲ್–ಮೇ ಬಿಸಿಲಿನಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ ಒಣಗಿಸಿ ವರ್ಷಕ್ಕಾಗುವಷ್ಟು ಬಾಫಾತ್ ಪುಡಿ ಮಾಡಿಸುವುದು, ಮಳೆಗಾಲಕ್ಕೆ ಒಣಮೀನು, ಹಪ್ಪಳ, ಉಪ್ಪಿನಕಾಯಿ ಕೂಡಿಡುವುದು, ಡಿಸೆಂಬರ್ ಎರಡನೇ ವಾರದಿಂದ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಎಂದು ಕ್ರಿಸ್ಮಸ್ಸಿನ ತಿಂಡಿಗಳಾದ ಕುಸ್ವಾರಿಗೆ ಕೂರುವುದು. ನಡುವೆ ಹಿರಿಯ ಮಗುವಿನ ಪ್ರಥಮ ಪರಮಪ್ರಸಾದದ ಬಿಳಿ ಬಟ್ಟೆ, ತೀರಿಹೋದ ಮಾವನ ಪುಣ್ಯತಿಥಿಯ ಪೂಜೆಗೆ ಚರ್ಚಿನಲ್ಲಿ ಹೆಸರು ಬರೆಸುವುದು, ವಾಳೆಯ, ಎಂದರೆ ಚರ್ಚಿನ ವಾರ್ಡಿನ, ಕೂಟ ತಮ್ಮ ಮನೆಗೆ ಬಂದಾಗ ಅದರ ಮುಖಂಡರಾದ ಗುರಿಕಾರರಿಗೂ ನೆರೆಯವರಿಗೂ ಚಹಾ ತಿಂಡಿ. ಚರ್ಚಿನ ಕ್ಯಾಲೆಂಡರ್ ಗೋಡೆಯಲ್ಲಿ ತೂಗುತ್ತದೆ, ಅದನ್ನು ಮನೆಯವರ ಹೊಟ್ಟೆ ಬಟ್ಟೆಗೆ ಹೊಂದಿಸುವ ಲೆಕ್ಕ ತಾಯಿಯ ತಲೆಯಲ್ಲಿರುತ್ತದೆ.

ಒಟ್ಟು ಭಾರತದ ಮಟ್ಟದಲ್ಲಿ ಮನೆಗೆಲಸಕ್ಕೆ ಅಳತೆ ಸಿಕ್ಕಿದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಗಂಡಸರ ಈ ಸರಾಸರಿಯಲ್ಲಿ ಮನೆಗೆಲಸ ಮಾಡಿದವರು ಮಾತ್ರ ಇದ್ದಾರೆ ಎಂಬುದನ್ನು ಗಮನಿಸಬೇಕು. ಹಾಗೆ ಮಾಡಿದವರು ನೂರಕ್ಕೆ 26ರಷ್ಟು, ಹೆಂಗಸರಲ್ಲಿ ಅದು 81. 2024ರ ಸಮೀಕ್ಷೆಯಲ್ಲಿ ಹೆಂಗಸರ ಹೊತ್ತು 289 ನಿಮಿಷಕ್ಕೆ ಇಳಿಯಿತು, ಗಂಡಸರದೂ 88ಕ್ಕೆ ಇಳಿಯಿತು. ಎಂದರೆ ಹೆಂಗಸರಿಗೆ ಕಡಿಮೆಯಾದ ಹತ್ತು ನಿಮಿಷವನ್ನು ಗಂಡಸರೇನೂ ಹೊತ್ತುಕೊಳ್ಳಲಿಲ್ಲ. ಈ ಅಂಕಿಗಳು ಎಲ್ಲ ಧರ್ಮ, ಎಲ್ಲ ರಾಜ್ಯಗಳಿಗೆ ಸೇರಿದವು. ಕಥೋಲಿಕ ಮನೆ ಇದಕ್ಕೆ ಹೊರತು ಎಂದು ನಂಬಲು ಕಾರಣವಿಲ್ಲ. ಇನ್ನು ಮಗುವಿಗೆ ಪ್ರಾರ್ಥನೆ ಕಲಿಸಿದ್ದನ್ನು, ಹಬ್ಬ ನೆನಪಿಟ್ಟದ್ದನ್ನು ಸಮೀಕ್ಷೆಯ ಯಾವ ಕಲಮಿನಲ್ಲಿ ಬರೆಯುವುದು?

ಇಲ್ಲೊಂದು ಆಕ್ಷೇಪ ಕೂಡಲೇ ಏಳುತ್ತದೆ. ತಾಯಿ ಪ್ರೀತಿಯಿಂದ ಮಾಡುವುದನ್ನು ನಿಮಿಷದಲ್ಲಿ ಅಳೆಯುವುದೇ ಆ ಪ್ರೀತಿಗೆ ಅವಮಾನವಲ್ಲವೇ, ಮನೆ ಏನು ಕಚೇರಿಯೇ ಎಂದು ಕೇಳುವವರಿದ್ದಾರೆ. ಕೇಳುವವರಲ್ಲಿ ತಾಯಂದಿರೂ ಇದ್ದಾರೆ, ಆದ್ದರಿಂದ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬೆಲೆ ಕಟ್ಟುವ ಒಂದು ಸಂದರ್ಭ ಆಗಲೇ ಇದೆ. ಗೃಹಿಣಿ ರಸ್ತೆ ಅಪಘಾತದಲ್ಲಿ ತೀರಿಕೊಂಡರೆ ಪರಿಹಾರ ಎಷ್ಟೆಂದು ನ್ಯಾಯಾಲಯ ಲೆಕ್ಕ ಹಾಕಬೇಕಾಗುತ್ತದೆ. 2021ರ ಜನವರಿ 5ರಂದು ಕೀರ್ತಿ ವಿರುದ್ಧ ಓರಿಯೆಂಟಲ್ ಇನ್ಶೂರೆನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ 299 ಮತ್ತು 97 ನಿಮಿಷಗಳ ಅಂಕಿಗಳನ್ನು ಎತ್ತಿ ಹೇಳಿ, ಗೃಹಿಣಿಗೂ ಆದಾಯವಿದ್ದಂತೆ ಲೆಕ್ಕ ಹಿಡಿಯಬೇಕಾದ ಕಾರಣಗಳನ್ನು ವಿವರಿಸಿತು. ಮನೆಗೆಲಸ ಮಾಡುವವರು ಮನೆಗೆ ಆರ್ಥಿಕವಾಗಿ ಏನನ್ನೂ ಸೇರಿಸುವುದಿಲ್ಲ ಎಂಬ ಎಣಿಕೆಯನ್ನೇ ಅದು ತಪ್ಪೆಂದಿತು. ಸತ್ತ ಮೇಲೆ ಲೆಕ್ಕಕ್ಕೆ ಸಿಗುವ ಕೆಲಸ ಬದುಕಿರುವಾಗ ಲೆಕ್ಕಕ್ಕೆ ಸಿಗಬಾರದೇಕೆ? ಪ್ರೀತಿ ಇರುವಲ್ಲಿ ಎಣಿಕೆ ಬೇಡ ಎಂದು ಸಾಮಾನ್ಯವಾಗಿ ಹೇಳುವವರು ಆ ಪ್ರೀತಿಯನ್ನು ಪಡೆಯುವವರು. ಕೊಡುವವರು ಎಷ್ಟು ಕೊಡುತ್ತಿದ್ದಾರೆ ಎಂದು ಪಡೆಯುವವರಿಗೆ ತಿಳಿದಿರುವುದರಲ್ಲಿ ಅವಮಾನ ಏನೂ ಇಲ್ಲ.

ಇನ್ನೊಂದು ಆಕ್ಷೇಪ ಧರ್ಮದ ಕಡೆಯಿಂದ ಬರುತ್ತದೆ. ತಾಯಿ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವುದೇ ಕಥೋಲಿಕ ಆದರ್ಶ, ಹೊರಗೆ ದುಡಿಯಹೋಗಿ ಹೀಗಾಯಿತು, ಹಂಚಿಕೊಳ್ಳುವ ಮಾತೆಲ್ಲ ಈಚಿನದು ಎಂಬುದು ಆ ವಾದ. ಮೊದಲಿಗೆ ಕರಾವಳಿಯ ವಾಸ್ತವ ನೋಡೋಣ. ಇಲ್ಲಿನ ತಾಯಿ ಹೊರಗೆ ದುಡಿಯದೆ ಕೂತಿದ್ದ ಕಾಲ ಯಾವುದು? ಗದ್ದೆಯಲ್ಲಿ ನೇಜಿ ನೆಟ್ಟವಳು, ಹಟ್ಟಿಯ ದನ, ಕೋಳಿ, ಹಂದಿ ಸಾಕಿದವಳು ಆಕೆಯೇ. ಶಂಕರಪುರ, ಶಿರ್ವದ ಸುತ್ತಮುತ್ತ ಮಲ್ಲಿಗೆ ಕೃಷಿಯನ್ನು ಇಂದಿಗೂ ಹಿಡಿದಿರುವವರಲ್ಲಿ ಕ್ರೈಸ್ತ ಕುಟುಂಬಗಳು ಬಹಳ. ಬೆಳಕು ಹರಿಯುವ ಮೊದಲೇ ಗಿಡದ ಬುಡಕ್ಕೆ ಹೋಗಿ ಮೊಗ್ಗು ಕೊಯ್ಯಬೇಕು, ಅರಳುವ ಮುಂಚೆ ಬಾಳೆನಾರಿನಲ್ಲಿ ಕಟ್ಟಬೇಕು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಆಯಾ ದಿನದ್ದು, ಹೂ ನಾಳೆಗೆ ಉಳಿಯುವುದಿಲ್ಲ. ಬೆರಳು ಮೊಗ್ಗು ಪೋಣಿಸುತ್ತಿರುವಾಗಲೇ ಮಕ್ಕಳ ಶಾಲೆಯ ಡಬ್ಬಿಯ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. ಬೀಡಿ ಕಟ್ಟಿದವರು, ಗೋಡಂಬಿ ಕಾರ್ಖಾನೆಗೆ ನಡೆದವರು, ಶಿಕ್ಷಕಿ, ನರ್ಸು ಆದವರು ಎಲ್ಲರೂ ಇದೇ ಸಾಲಿನವರು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳ ಶಾಲೆ ತೆರೆದರು, 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಕಟ್ಟಿದರು. ಹೆಣ್ಣುಮಕ್ಕಳನ್ನು ಓದಿಸಿದ್ದು ಚರ್ಚೇ. ಓದಿದ ಹೆಣ್ಣು ದುಡಿಯಹೋದಳೆಂದು ಚರ್ಚಿನ ಹೆಸರಿನಲ್ಲಿ ಕೊರಗುವುದು ಹೊಂದುವುದಿಲ್ಲ. ಗಂಡ ಹಿಂದೆ ಮುಂಬಯಿಯಲ್ಲಿ, ಆಮೇಲೆ ಕುವೈತ್, ದುಬೈ, ಮಸ್ಕತ್ತಿನಲ್ಲಿ ದುಡಿಯುವಾಗ ಮನೆಯ ಒಳಗನ್ನೂ ಹೊರಗನ್ನೂ ಒಬ್ಬಳೇ ನಡೆಸಿದ ತಾಯಂದಿರ ತಲೆಮಾರುಗಳೇ ಇಲ್ಲಿವೆ. ಬ್ಯಾಂಕು, ಪಂಚಾಯತಿ, ಮನೆ ಕಟ್ಟುವ ಮೇಸ್ತ್ರಿ, ಮಕ್ಕಳ ಫೀಸು, ಸಂಜೆಯ ತೆರ್ಸ್, ಎಲ್ಲ ಅವರ ಪಾಲಿಗೆ ಬಂದವು.

ಇನ್ನು ಚರ್ಚಿನ ಬೋಧನೆ. ಕುಟುಂಬವನ್ನು ‘ಮನೆಯೊಳಗಿನ ಚರ್ಚು’ ಎಂದು ಕರೆದ 1964ರ ವ್ಯಾಟಿಕನ್ ಮಹಾಸಭೆಯ ದಾಖಲೆ ಮಕ್ಕಳಿಗೆ ನಂಬಿಕೆಯ ಮೊದಲ ಬೋಧಕರು ಎಂದು ಹೇಳುವುದು ತಂದೆತಾಯಿ ಇಬ್ಬರನ್ನೂ. ಜ್ಞಾನಸ್ನಾನದ ವಿಧಿಯಲ್ಲಿ ಮಗುವನ್ನು ನಂಬಿಕೆಯಲ್ಲಿ ಬೆಳೆಸುವ ಹೊಣೆಯನ್ನು ಗುರುಗಳು ಕೇಳುವುದು ಇಬ್ಬರನ್ನೂ ಎದುರಿಗೆ ನಿಲ್ಲಿಸಿ. ಚರ್ಚಿನ ಕಾನೂನು ಸಂಹಿತೆಯ 1136ನೇ ನಿಯಮವೂ ಮಕ್ಕಳ ಲಾಲನೆ, ಶಿಕ್ಷಣ, ಧರ್ಮಬೋಧೆಯನ್ನು ಪಾಲಕರ ಕರ್ತವ್ಯವೆನ್ನುತ್ತದೆಯೇ ಹೊರತು ತಾಯಿಯದು ಎನ್ನುವುದಿಲ್ಲ. 1981ರಲ್ಲಿ ಎರಡನೇ ಜಾನ್ ಪಾಲ್ ಬರೆದ ‘ಲಾಬೋರೆಮ್ ಎಕ್ಸೆರ್ಸೆನ್ಸ್’ ಎಂಬ ಪತ್ರ ತಾಯಂದಿರು ಆರ್ಥಿಕ ಒತ್ತಡಕ್ಕೆ ಸಿಕ್ಕಿ ಮಕ್ಕಳನ್ನು ಬಿಟ್ಟು ದುಡಿಯಹೋಗುವಂತಾಗಬಾರದು ಎಂದದ್ದು ನಿಜ, ಆಕ್ಷೇಪ ಎತ್ತುವವರು ಅದನ್ನೇ ಹಿಡಿಯುತ್ತಾರೆ. ಆದರೆ ಅದೇ ಪತ್ರ ಕುಟುಂಬಕ್ಕೆ ಸಾಲುವಷ್ಟು ಕೂಲಿ ಕೊಡಿ, ಇಲ್ಲವೇ ಮಕ್ಕಳ ಪಾಲನೆಯಲ್ಲೇ ತೊಡಗಿರುವ ತಾಯಂದಿರಿಗೆ ಭತ್ಯೆ ಕೊಡಿ ಎಂದೂ ಕೇಳುತ್ತದೆ. ತಾಯಿ ಮನೆಯಲ್ಲಿರಲಿ ಎಂಬ ಮೊದಲರ್ಧವನ್ನು ಹೇಳಿ, ಅದಕ್ಕೆ ಸಮಾಜ ಬೆಲೆ ತೆರಲಿ ಎಂಬ ಉಳಿದರ್ಧವನ್ನು ಬಿಡುವುದು ನ್ಯಾಯವಲ್ಲ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟಿನಿಂದ ಮನೆಯ ಯಜಮಾನಿಯ ಖಾತೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರತೊಡಗಿದಾಗ ಎಷ್ಟೋ ತಾಯಂದಿರಿಗೆ ಅದು ತಮ್ಮದೇ ಹೆಸರಿನಲ್ಲಿ ಬರುವ ಮೊದಲ ಹಣವಾಗಿರಬೇಕು. ಅದು ದುಡಿಮೆಯ ಸಂಬಳವಲ್ಲ, ನೆರವು. ಆದರೂ ಹಣ ಯಾರ ಹೆಸರಿಗೆ ಬರುತ್ತದೆ ಎಂಬುದು ಮನೆಯೊಳಗೆ ಸಣ್ಣ ವಿಷಯವಲ್ಲ. ಇನ್ನು ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆಟೀಶಿಯಾ’ದಲ್ಲಿ, ಗಂಡ ಮನೆಗೆಲಸಕ್ಕೂ ಮಕ್ಕಳ ಪಾಲನೆಗೂ ಕೈಹಾಕಿದರೆ ಅವನ ಗಂಡಸುತನಕ್ಕೆ ಕುಂದಿಲ್ಲ ಎಂದು ನೇರವಾಗಿಯೇ ಬರೆದರು.

ಚರ್ಚು ಆದರ್ಶವೆಂದು ಎತ್ತಿಹಿಡಿದ ತಾಯಂದಿರನ್ನೂ ನೋಡಬಹುದು. ಮಂಗಳೂರಿನ ಹಲವು ಕಥೋಲಿಕ ಮನೆಗಳಲ್ಲಿ ಪುಟ್ಟ ತೆರೇಸಮ್ಮ ಎಂಬ ಸಂತಳ ಪಟವಿರುತ್ತದೆ. ಆಕೆಯ ತಾಯಿ ಜೆಲಿ ಮಾರ್ತಾಂ ಫ್ರಾನ್ಸಿನ ಅಲಾನ್ಸೋಂ ಊರಿನಲ್ಲಿ ಲೇಸು ನೇಯುವ ಉದ್ಯಮ ನಡೆಸುತ್ತಿದ್ದಳು. ನೇಯುವ ಹೆಂಗಸರಿಗೆ ಕೆಲಸ ಹಂಚುವುದು, ತುಂಡುಗಳನ್ನು ಜೋಡಿಸುವುದು, ಗಿರಾಕಿಗಳ ಜೊತೆ ವ್ಯವಹಾರ, ಎಲ್ಲ ಆಕೆಯದೇ. ಹೆತ್ತ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿದರು. ಆಕೆಯ ಗಂಡ ಲೂಯಿ ಗಡಿಯಾರದ ತನ್ನ ಅಂಗಡಿಯನ್ನು ಮಾರಿ ಹೆಂಡತಿಯ ಉದ್ಯಮಕ್ಕೆ ಬಂದು ಸೇರಿದ. ಜೆಲಿ 1877ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಐವರು ಹೆಣ್ಣುಮಕ್ಕಳನ್ನು ಬೆಳೆಸಿದ್ದು ಅವನೇ. 2015ರ ಅಕ್ಟೋಬರಿನಲ್ಲಿ ಈ ದಂಪತಿಯನ್ನು ಒಟ್ಟಿಗೇ ಸಂತರೆಂದು ಸಾರಲಾಯಿತು. ಗಂಡಹೆಂಡಿರನ್ನು ಹೀಗೆ ಜೊತೆಯಾಗಿ ಸಂತ ಪದವಿಗೇರಿಸಿದ್ದು ಅದೇ ಮೊದಲು. 2004ರಲ್ಲಿ ಸಂತಳಾದ ಇಟಲಿಯ ಜಿಯನ್ನಾ ಬೆರೆಟ್ಟಾ ಮೊಲ್ಲಾ ಮಕ್ಕಳ ವೈದ್ಯೆ, ನಾಲ್ವರು ಮಕ್ಕಳ ತಾಯಿ. ಪೀಠದ ಮೇಲಿರುವ ಈ ತಾಯಂದಿರ ಬದುಕು ನಾವು ಕಲ್ಪಿಸಿಕೊಂಡ ಪಟದಷ್ಟು ಸರಳವಲ್ಲ, ಅದಕ್ಕಿಂತ ನಿಜವಾದದ್ದು.

ಕೆಲಸವನ್ನು ಪ್ರಾರ್ಥನೆಯೊಂದಿಗೆ ಬೆರೆಸಬೇಡಿ, ದುಡಿದು ದಣಿದ ತಾಯಿಗೆ ಪ್ರಾರ್ಥನೆಯೇ ಅಲ್ಲವೇ ವಿಶ್ರಾಂತಿ ಎನ್ನುವವರೂ ಇದ್ದಾರೆ. ಪ್ರಾರ್ಥಿಸುವುದು ಬೇರೆ, ಪ್ರಾರ್ಥನೆ ನಡೆಸಿಕೊಡುವುದು ಬೇರೆ. ಭಾನುವಾರದ ಪೂಜೆಯಲ್ಲಿ ಕಂಕುಳ ಮಗುವನ್ನು ಸುಮ್ಮನಿರಿಸಲು ಹಿಂದಿನ ಬಾಗಿಲಲ್ಲಿ ಅತ್ತಿತ್ತ ನಡೆಯುವ ತಾಯಿಗೆ ಪ್ರವಚನದ ಎಷ್ಟು ಮಾತು ಕಿವಿಗೆ ಬಿದ್ದೀತು? ಚರ್ಚಿನ ಧರ್ಮೋಪದೇಶ ಗ್ರಂಥವೇ ಎಳೆಮಗುವಿನ ಆರೈಕೆಯನ್ನು ಭಾನುವಾರದ ಪೂಜೆ ತಪ್ಪಿಸಲು ಸಾಕಾದ ಕಾರಣವೆಂದು ಕಾಯಿಲೆಯ ಜೊತೆಗೇ ಹೆಸರಿಸುತ್ತದೆ. ಇದು ಗೊತ್ತಿಲ್ಲದೆ ಪಾಪಪ್ರಜ್ಞೆಯಿಂದ ನರಳುವ ಎಳೆ ತಾಯಂದಿರು ಇದ್ದಾರೆ. ಅವರಿಗೆ ಯಾರಾದರೂ ಇದನ್ನು ಹೇಳಬೇಕು. ಮಗುವನ್ನು ತಂದೆ ಎತ್ತಿಕೊಂಡು ಹೊರಗೆ ನಿಂತು, ತಾಯಿ ಒಂದು ಗಂಟೆ ಸುಮ್ಮನೆ ಕೂತರೆ ಇನ್ನೂ ಒಳ್ಳೆಯದು.

ಕೊನೆಯ ಆಕ್ಷೇಪವೇ ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಹಂಚುತ್ತ ಹೋದರೆ ಎಲ್ಲ ತೆಳುವಾಗುತ್ತದೆ, ಬೇಕರಿಯ ಕುಸ್ವಾರ್ ಬರುತ್ತದೆ, ಅಂಗಡಿಯ ಬಾಫಾತ್ ಪುಡಿ ಬರುತ್ತದೆ, ಅರ್ಧ ಗಂಟೆಯ ತೆರ್ಸ್ ಹತ್ತು ನಿಮಿಷಕ್ಕಿಳಿಯುತ್ತದೆ, ಉಳಿಯುವುದೇನು? ಇದರಲ್ಲಿ ಸತ್ಯವಿದೆ. ಕೈ ಬದಲಾದರೆ ರುಚಿ ಬದಲಾಗುತ್ತದೆ. ಆದರೆ ಬದಲಾವಣೆ ಈಗ ಶುರುವಾದದ್ದಲ್ಲ. ಸಾನ್ನಾಂ ಹಿಟ್ಟು ಹುಳಿ ಬರಲು ಹಿಂದೆ ಕಳ್ಳು ಬೆರೆಸುತ್ತಿದ್ದರು, ಈಗ ಬಹಳ ಮನೆಗಳಲ್ಲಿ ಯೀಸ್ಟ್. ಸಾನ್ನಾಂ ಹಬ್ಬದೂಟದಿಂದ ಮರೆಯಾಗಲಿಲ್ಲ. ಒನಕೆ ಹೋಗಿ ಗಿರಣಿ ಬಂತು, ಕಲ್ಲು ಹೋಗಿ ಗ್ರೈಂಡರ್ ಬಂತು. ಲ್ಯಾಟಿನ್ ಹೋಗಿ ಕೊಂಕಣಿ ಬಂದಾಗಲೂ ಎಲ್ಲ ಮುಗಿಯಿತೆಂದು ಅಂಜಿದವರಿದ್ದರು. ಕುಸ್ವಾರನ್ನು ಒಬ್ಬಳೇ ರಾತ್ರಿ ಹನ್ನೆರಡರವರೆಗೆ ಕೂತು ಮಾಡುವುದೂ ಹಳೆಯ ಪದ್ಧತಿಯಲ್ಲ. ಕೂಡುಕುಟುಂಬದ ಕಾಲದಲ್ಲಿ ಅತ್ತೆ, ನಾದಿನಿ, ಓರಗಿತ್ತಿ, ನೆರೆಮನೆಯವರು, ಮಕ್ಕಳು ಎಲ್ಲ ಸುತ್ತ ಕೂತು ಬಾಚಣಿಗೆಯ ಹಲ್ಲಿನ ಮೇಲೆ ಕಿಡಿಯೊ ಉಜ್ಜುತ್ತಿದ್ದರು. ಕುಟುಂಬ ಚಿಕ್ಕದಾಯಿತು, ಕೈಗಳು ಕಡಿಮೆಯಾದವು, ಪಟ್ಟಿ ಮಾತ್ರ ಅಷ್ಟೇ ಉದ್ದ ಉಳಿಯಿತು. ಹೀಗಾಗಿ ಇಂದಿನ ತಾಯಿಯ ಹೆಗಲ ಮೇಲಿರುವುದು ಹಿಂದೆ ಐದಾರು ಮಂದಿ ಹಂಚಿಕೊಂಡಿದ್ದ ಹೊರೆ. ಹಂಚುವುದು ಎಂದರೆ ಹಳೆಯ ಪದ್ಧತಿಗೇ ಮರಳುವುದು, ಈ ಬಾರಿ ಮನೆಯ ಗಂಡಸರನ್ನೂ ಸೇರಿಸಿಕೊಂಡು. ತಂದೆಯೂ ಮಗನೂ ಕಿಡಿಯೊ ಉಜ್ಜಿದ ಮನೆಯಲ್ಲಿ ಕುಸ್ವಾರ್ ಬೇಕರಿಗೆ ಹೋಗುವ ಸಾಧ್ಯತೆ ಕಡಿಮೆ. ಯಾಕೆಂದರೆ ಅಲ್ಲಿ ಆ ವಿದ್ಯೆ ಒಬ್ಬಳ ಕೈಯಲ್ಲಿ ಸಿಕ್ಕಿಕೊಂಡಿರುವುದಿಲ್ಲ.

ಹಂಚುವಾಗ ಕೈಗೆಲಸಕ್ಕಿಂತ ಮೊದಲು ಹಂಚಬೇಕಾದದ್ದು ನೆನಪಿನ ಹೊಣೆ ಎಂದು ನನಗನಿಸುತ್ತದೆ. ‘ಏನು ಮಾಡಬೇಕು ಹೇಳು, ಮಾಡುತ್ತೇನೆ’ ಎನ್ನುವ ಗಂಡ ಸಹಾಯಕ. ಹೇಳುವ ಕೆಲಸ ಇನ್ನೂ ಹೆಂಡತಿಯದೇ. ತೆರ್ಸಿಗೆ ಕರೆಯುವುದು ತನ್ನ ಹೊಣೆ ಎಂದು ತಂದೆ ಒಪ್ಪಿಕೊಂಡರೆ, ಭಾನುವಾರದ ಧರ್ಮೋಪದೇಶದ ಪಾಠವನ್ನು ಮಗುವಿನ ಜೊತೆ ಕೂತು ಓದುವುದು ತನ್ನದು ಎಂದುಕೊಂಡರೆ, ಅಪ್ಪನ ಪುಣ್ಯತಿಥಿಯ ಪೂಜೆಗೆ ತಾನೇ ಹೋಗಿ ಹೆಸರು ಬರೆಸಿದರೆ, ಪಾತ್ರೆ ತೊಳೆದದ್ದಕ್ಕಿಂತ ಹೆಚ್ಚಿನ ಭಾರ ಇಳಿಯುತ್ತದೆ. ಗಲ್ಫಿನಲ್ಲಿರುವ ತಂದೆಯೂ ಇದರಲ್ಲಿ ಕೆಲವನ್ನು ಫೋನಿನಿಂದಲೇ ಮಾಡಬಲ್ಲ. ಚರ್ಚಿಗೂ ಇಲ್ಲಿ ಕೆಲಸವಿದೆ. ಮದುವೆಗೆ ಮುಂಚೆ ಧರ್ಮಪ್ರಾಂತಗಳು ಜೋಡಿಗಳಿಗೆ ಸಿದ್ಧತಾ ಶಿಬಿರ ನಡೆಸುತ್ತವೆ. ಅಲ್ಲಿ ಸಂಸ್ಕಾರದ ಅರ್ಥ, ಹೊಂದಾಣಿಕೆ, ಹಣಕಾಸು, ಆರೋಗ್ಯ ಚರ್ಚೆಯಾಗುತ್ತವೆ. ಹೊಸ ಮನೆಯಲ್ಲಿ ಸಂಜೆ ಪ್ರಾರ್ಥನೆಗೆ ಕರೆಯುವವರು ಯಾರು, ಮಗುವಿಗೆ ಕೊಂಕಣಿಯಲ್ಲಿ ಮಾತಾಡುವ ಹಟ ಯಾರದು, ತೆನೆ ಹಬ್ಬದ ಹಿಂದಿನ ದಿನ ಅರ್ಧ ರಜೆ ಹಾಕುವವರು ಯಾರು ಎಂದು ಆ ಶಿಬಿರದಲ್ಲಿಯೇ ಹುಡುಗನನ್ನೂ ಹುಡುಗಿಯನ್ನೂ ಕೂರಿಸಿ ಕೇಳಬಹುದು. ಇದಕ್ಕೆ ಹೊಸ ದಾಖಲೆ, ಹೊಸ ನಿಯಮ ಏನೂ ಬೇಕಿಲ್ಲ. ಪ್ರತಿ ಶಿಬಿರದಲ್ಲಿ ಒಂದು ಗಂಟೆ ಸಾಕು, ಮತ್ತು ಆ ಗಂಟೆಯಲ್ಲಿ ಮೊದಲು ಉತ್ತರ ಹೇಳಬೇಕಾದವನು ಹುಡುಗ.